ಶಾಹಿದಾಳ ಲೇಸರ್‌ಗೊಂದು ಮೀಟರು

ಇಪ್ಪತ್ತು ವರ್ಷದಿಂದ ನ್ಯಾಮತಿಯ ಹೈಸ್ಕೂಲೊಂದರಲ್ಲಿ ಬೆಳಕಿನ ಪಾಠ ಮಾಡುತ್ತಿದ್ದೇನೆ. ಆದರೆ ಒಂದು ಕಿರಣದಲ್ಲಿ ಎಷ್ಟು ಶಕ್ತಿಯಿದೆ ಎಂದು ಅಳೆದು ನೋಡಿದವಳಲ್ಲ. ಬೇರೆ ಯಾರಾದರೂ ಕೇಳಿದ್ದರೆ, ಅದು ಸಿಲೆಬಸ್ಸಿನಲ್ಲಿಲ್ಲ ಎಂದು ಜಾರಿಕೊಳ್ಳುತ್ತಿದ್ದೆ. ಕೇಳಿದವಳು ಶಾಹಿದಾ.

ಶಾಹಿದಾ ನನ್ನ ಹಳೆಯ ವಿದ್ಯಾರ್ಥಿನಿ. ಈಗ ಸ್ವಂತ ಅಂಗಡಿಯಲ್ಲಿ ಲೇಸರ್ ಯಂತ್ರ ಇಟ್ಟುಕೊಂಡು ಪ್ಲೈವುಡ್ಡಿನಲ್ಲಿ ಹೆಸರು ಕತ್ತರಿಸಿಕೊಡುತ್ತಾಳೆ. ಬಸವಾಪಟ್ಟಣದ ಒಂದು ಮದುವೆಗೆ ವಧೂವರರ ಹೆಸರು ಕತ್ತರಿಸುವಾಗ ಕಿರಣ ಅರ್ಧಕ್ಕೇ ಸೋತು, ಅಕ್ಷರಗಳು ಹಲಗೆ ಬಿಟ್ಟು ಬರಲಿಲ್ಲ. ಮದುವೆಗೆ ಮೂರೇ ದಿನ. ರಿಪೇರಿಯವನು ಫೋನಿನಲ್ಲೇ ತೀರ್ಪು ಕೊಟ್ಟಿದ್ದ: ಕಿರಣ ಹುಟ್ಟಿಸುವ ಟ್ಯೂಬು ಹೋಗಿದೆ, ಹೊಸದು ಬರಲು ಹತ್ತು ದಿನ.

"ಮೇಡಂ, ಟ್ಯೂಬು ನಿಜಕ್ಕೂ ಹೋಗೈತಾ ಅಂತ ನೋಡಾಕೆ ಏನಾದ್ರೂ ದಾರಿ ಐತೇನ್ರಿ?"

"ಐತೆ. ಒಂದು ಮೀಟರ್ ಮಾಡಿದ್ರಾತು" ಎಂದೆ. ಹೇಗೆ ಎಂಬುದನ್ನು ಆಮೇಲೆ ಯೋಚಿಸಿದೆ.

ಶಾಲೆಯ ಪ್ರಯೋಗಕ್ಕೆಂದು ತಂದಿಟ್ಟಿದ್ದ ಪೆಲ್ಟಿಯರ್ ಬಿಲ್ಲೆಯೊಂದು ನನ್ನ ಬಳಿ ಇತ್ತು. ಅದರ ಒಂದು ಮುಖ ಬಿಸಿಯಾಗಿ ಇನ್ನೊಂದು ತಣ್ಣಗಿದ್ದರೆ ತುಸು ವಿದ್ಯುತ್ತು ಹುಟ್ಟುತ್ತದೆ. ಮುಂದೆ ಕಪ್ಪು ಬಣ್ಣ ಬಳಿದ ತಾಮ್ರದ ತಗಡು, ಹಿಂದೆ ಅಲ್ಯೂಮಿನಿಯಂ ತುಂಡು, ತಂತಿಗೆ ಮಲ್ಟಿಮೀಟರು. ಕಿರಣ ತಗಡನ್ನು ಕಾಯಿಸಿದಷ್ಟೂ ಅಂಕಿ ಏರಬೇಕು.

ಪರೀಕ್ಷೆಗೆಂದು ಅಂಗೈ ಇಟ್ಟೆ. ಮೈನಸ್ ಅಂಕಿ ಬಂತು.

"ನಿಮ್ ಕೈ ಅಷ್ಟು ತಣ್ಣಗೈತಾ ಮೇಡಂ?" ಎಂದಳು ಶಾಹಿದಾ. ತಂತಿ ಅದಲುಬದಲಾಗಿತ್ತು. ಅದನ್ನು ಸರಿಪಡಿಸಿದರೆ ಇನ್ನೊಂದು ತರಲೆ: ಕೈಯಿಲ್ಲದಿದ್ದರೂ ಅಂಕಿ ಏರುತ್ತಿತ್ತು. ಬೆಸುಗೆ ಬಿಚ್ಚಿ ಮತ್ತೆ ಹಾಕಿದೆ, ಬ್ಯಾಟರಿ ಬದಲಿಸಿದೆ. ದೂರದಲ್ಲಿ ಕೂತಿದ್ದ ಶಾಹಿದಾ ಮೆಲ್ಲಗೆ ಹೇಳಿದಳು: "ನೀವು ಬಗ್ಗಿ ನೋಡಿದಾಗಷ್ಟೇ ಏರ್ತೈತೆ." ನನ್ನ ಉಸಿರನ್ನೇ ನಾನು ಅರ್ಧ ದಿನ ಅಳೆದಿದ್ದೆ! ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಸುತ್ತ ರಟ್ಟಿನ ಮರೆ ಕಟ್ಟಿದ ಮೇಲೆ ಅಂಕಿ ಸುಮ್ಮನೆ ನಿಂತಿತು.

ಎಷ್ಟು ಅಂಕಿಗೆ ಎಷ್ಟು ವ್ಯಾಟ್ ಎಂದು ತಿಳಿಯಲು, ಕರೆಂಟು ಹರಿದರೆ ಬಿಸಿಯಾಗುವ ಒಂದು ರೆಸಿಸ್ಟರನ್ನು ತಗಡಿಗೆ ಅಂಟಿಸಿ, ಗೊತ್ತಿರುವಷ್ಟು ವ್ಯಾಟ್ ಕೊಟ್ಟು, ಐದು ಸೆಕೆಂಡಿಗೆ ಅಂಕಿ ಎಷ್ಟು ಏರುತ್ತದೆಂದು ಬರೆದುಕೊಂಡೆ. ಮರುದಿನ ಲೇಸರ್ ತಡೆಯುವ ಕನ್ನಡಕ ಹಾಕಿಕೊಂಡು ಲೇಸರನ್ನೂ ಐದೇ ಸೆಕೆಂಡು ಬಿಟ್ಟೆವು. ಟ್ಯೂಬಿನ ಬಾಯಲ್ಲಿ ಮೂವತ್ತೈದು ವ್ಯಾಟ್. ಕಿರಣವನ್ನು ತಿರುಗಿಸುವ ಕನ್ನಡಿಗಳನ್ನು ದಾಟಿದ ಮೇಲೆ ಹನ್ನೆರಡು. ಟ್ಯೂಬು ಹೋಗಿರಲಿಲ್ಲ, ಶಕ್ತಿ ಕಳೆದುಹೋಗುತ್ತಿದ್ದದ್ದು ದಾರಿಯಲ್ಲಿ.

ಶಾಹಿದಾ ಯಂತ್ರ ಆಫ್ ಮಾಡಿ, ಎರಡನೆಯ ಕನ್ನಡಿ ಬಿಚ್ಚಿದಳು. ಪ್ಲೈವುಡ್ಡಿನ ಹೊಗೆ ಅದರ ಮೇಲೆ ಕಂದು ಪೊರೆ ಕಟ್ಟಿತ್ತು. ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ ಕೂರಿಸಿದಳು. ಮತ್ತೆ ಯಂತ್ರ ಓಡಿಸಿದಾಗ ವಧುವಿನ ಹೆಸರಿನ ಮೊದಲ ಅಕ್ಷರ ಟಪ್ಪನೆ ಕಳಚಿ ಬಿತ್ತು. ಅದನ್ನು ಎತ್ತಿ ಬೆಚ್ಚಗಿರುವಾಗಲೇ ನನ್ನ ಕೈಗಿಟ್ಟಳು.

ಫಲಕ ಒಂದು ದಿನ ಮೊದಲೇ ಮದುವೆಮನೆ ತಲುಪಿತು. ಅಂದಿನಿಂದ ನಮ್ಮ ಮನೆಯಲ್ಲಿ ಏನಾದರೂ ಕೆಟ್ಟರೆ ನಾನು ಮೊದಲು ಹುಡುಕುವುದು ಒರೆಸುವ ಬಟ್ಟೆಯನ್ನು. ನಮ್ಮೆಜಮಾನರಿಗೆ ಮಾತ್ರ ಇದು ಹಿಡಿಸಿಲ್ಲ. ಹೊಸ ಟಿವಿ ಕೊಳ್ಳಲು ಅವರು ಹೇಳುತ್ತಿದ್ದ ಕಾರಣವೂ, ಅಂದರೆ ಹಳೆಯ ಪರದೆಯ ಮಂಕು, ಮೊನ್ನೆ ಆ ಬಟ್ಟೆಗೇ ಅಂಟಿಕೊಂಡು ಬಂತು.