ಹಿತ್ತಲಿನ ಕಲ್ಲಿಗೆ ಸಲಾಂ

ಪಡೀಲಿನ ನಮ್ಮ ಮನೆಯ ಹಿತ್ತಲಿನಲ್ಲಿ ಒಂದು ದೈವದ ಕಲ್ಲಿದೆ. ಜಾಗ ಮಾರಿದ ತುಳು ಮನೆಯವರು ಅದನ್ನು ಬೇರೆ ಕಡೆ ಒಯ್ಯುತ್ತೇವೆಂದಾಗ, ನಮಗಿಂತ ಮೊದಲು ಬಂದದ್ದು, ಇಲ್ಲೇ ಇರಲಿ ಎಂದವರು ನನ್ನ ತಾಯಿ, ನಮ್ಮ ಉಮ್ಮ.

ಪ್ರತಿ ಗುರುವಾರ ಸಂಜೆಯ ನಮಾಜು ಮುಗಿಸಿ ಉಮ್ಮ ಕೆಂಡಕ್ಕೆ ಲೋಬಾನ ಹಾಕಿ ಕೋಣೆ ಕೋಣೆಗೂ ಹೊಗೆ ಹಿಡಿಯುತ್ತಿದ್ದರು. ಕೊನೆಗೆ ಹಿತ್ತಲಿಗಿಳಿದು ಆ ಕಲ್ಲಿನ ಮುಂದೆಯೂ ಒಂದು ಗಳಿಗೆ ನಿಲ್ಲುತ್ತಿದ್ದರು.

ಒಮ್ಮೆ ಮದರಸದ ಉಸ್ತಾದರು ಇದನ್ನು ನೋಡಿ, “ಇದೆಂತ? ನಮ್ಮಲ್ಲಿ ಉಂಟಾ ಇದು?” ಎಂದರು.

“ನಾನು ಕೈ ಮುಗಿಯುವುದಿಲ್ಲ ಉಸ್ತಾದ್. ಸಲಾಂ ಹೇಳ್ತೇನೆ, ಅಷ್ಟೇ. ನೆರೆಯವರಲ್ವಾ?”

ಉಸ್ತಾದರು ಚಹಾ ಕುಡಿದು ಹೋದರು. ಈಗ ಮನುಷ್ಯರಿಗೇ ಸಲಾಂ ಹೇಳಲು ಹಿಂದೆ ಮುಂದೆ ನೋಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಇಂಥ ಉಮ್ಮ ಸಿಕ್ಕಿದ್ದು ನನ್ನ ಪುಣ್ಯ.

ಕಳೆದ ವರ್ಷ ಉಮ್ಮ ತೀರಿಕೊಂಡಾಗ ಆ ತುಳು ಮನೆಯ ಹಿರಿಯಾಕೆ ಬಂದರು. ನನ್ನ ಕೈ ಹಿಡಿದು ಅತ್ತು, ಹಿತ್ತಲಿಗೆ ಹೋಗಿ ಬಂದು ಹೇಳಿದರು: “ದೈವಕ್ಕೂ ತಿಳಿಸಿದೆ, ಇನ್ನು ಗುರುವಾರ ಕಾಯುವುದು ಬೇಡ ಅಂತ.”

ಆದರೆ ನಾನು ದೈವವನ್ನು ಕಾಯಿಸಲಿಲ್ಲ. ಆ ಗುರುವಾರ ನಮಾಜು ಮುಗಿಸಿ, ಕೆಂಡ ಹಿಡಿದು ಹಿತ್ತಲಿಗಿಳಿದೆ. ಮೊದಲು ಉಮ್ಮನ ಸಲಾಂ ಹೇಳಿದೆ, ಆಮೇಲೆ ನನ್ನದು.