ಗೋಡೆಯಿಂದ ಬರುವ ಬಿಸಿಲು

ಮೈಸೂರಿನ ಮಂಡಕಳ್ಳಿಯಲ್ಲಿ ವಿಮಾನ ಹತ್ತುವ ಮುನ್ನ ಅರಳು ಸಂಡಿಗೆ ಕೊಳ್ಳಲು ರಾಮಕೃಷ್ಣನಗರದ ಗಿರಿಜಮ್ಮನವರ ಮನೆಗೆ ಹೋದೆ. ಬೀದಿಗೆ ಬೀದಿಯೇ ಮಹಡಿ ಮೇಲೆ ಮಹಡಿ ಎದ್ದು ಗಾಳಿ ನಿಂತುಹೋಗಿದೆ, ಮನೆಮನೆಗೂ ಏಸಿ ಬಂದಿದೆ. ಪಕ್ಕದಲ್ಲೆದ್ದ ನಾಲ್ಕಂತಸ್ತಿನ ಹೊಸ ಮನೆಯಂತೂ ಗಿರಿಜಮ್ಮನವರ ತಾರಸಿಯ ಬಿಸಿಲನ್ನೆಲ್ಲ ನುಂಗಿಹಾಕಿತ್ತು. ಸಾಲದ್ದಕ್ಕೆ ಅದರ ಗೋಡೆಯ ಏಸಿ ಪೆಟ್ಟಿಗೆಗಳು ಒಳಗಿನ ಸೆಕೆಯನ್ನೆಲ್ಲ ಇತ್ತ ಉಗುಳುತ್ತಿದ್ದವು. ಈ ವರ್ಷ ಸಂಡಿಗೆ ಇಲ್ಲವೆಂದುಕೊಂಡೇ ಮೆಟ್ಟಿಲು ಹತ್ತಿದೆ.

ಮೇಲೆ ನೋಡಿದರೆ ಆ ಪೆಟ್ಟಿಗೆಗಳ ಎದುರಿಗೇ ಮಂಚ! ಮಂಚದ ಮೇಲೆ ಹಳೇ ಸೀರೆ, ಸೀರೆಯ ತುಂಬ ಸಂಡಿಗೆ. ಒಂದನ್ನು ಮುರಿದೆ, ಪಟ್ಟೆಂದಿತು.

"ನಮ್ ಬಿಸಿಲು ಕಿತ್ಕೊಂಡ್ಬುಟ್ರು ಕಣ್ರೀ. ನಾನ್ ಬುಡ್ತೀನಾ? ಅವ್ರ ಬಿಸಿಗಾಳೀಲೇ ಒಣಗಿಸ್ಬುಟ್ಟೆ," ಎಂದು ಗಿರಿಜಮ್ಮ ಸೊಂಟಕ್ಕೆ ಕೈಯಿಟ್ಟು ನಿಂತರು.

ಅಷ್ಟರಲ್ಲಿ ಪಕ್ಕದ ಮನೆಯ ಕಿಟಕಿ ತೆರೆಯಿತು. "ಅಮ್ಮಾ, ಬಿಸಿಗಾಳಿ ನಿಮಗೇ ಹೊಡೀತಿದೆ ಅಲ್ವಾ? ಏಸಿ ಆಫ್ ಮಾಡ್ತೀನಿ," ಎಂದು ಅಲ್ಲಿನ ಯಜಮಾನರು ಸಂಕೋಚದಿಂದ ಹೇಳಿದರು.

"ಅಯ್ಯೋ, ಆಫ್ ಮಾಡ್ಬುಟ್ಟೀರ!" ಗಿರಿಜಮ್ಮ ಕೂಗಿದರು. "ಬಾಳಕದ ಮೆಣಸಿನಕಾಯಿ ಇನ್ನೂ ಹಸಿಯಾಗೇ ಅವೆ!"