ಕರೀಂ ಸಾಬರ ಎಡಗಾಲು

ತಿಪಟೂರಿನ ಕೊಬ್ಬರಿ ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿ ಟೈಲರ್ ಕರೀಂ ಸಾಬರ ಹೊಲಿಗೆ ಮಷೀನಿಗೆ ದೆವ್ವ ಹಿಡಿಯಿತು. ಮುಂದಕ್ಕೆ ಓಡಬೇಕಾದ ಚಕ್ರ ಹಿಂದಕ್ಕೆ ತಿರುಗುವುದು, ದಾರ ಪಟ್ಟನೆ ಕಿತ್ತುಹೋಗುವುದು. ಸಾಬರು ಬೆಲ್ಟ್ ಬದಲಿಸಿದರು, ಎಣ್ಣೆ ಬಿಟ್ಟರು, ರಿಪೇರಿಯವನಿಗೆ ಬಾಯಿಗೆ ಬಂದಂತೆ ಬೈದರು. ತಮ್ಮೊಬ್ಬರನ್ನು ಬಿಟ್ಟು ಊರಲ್ಲಿ ಯಾರ ಮೇಲೆ ಬೇಕಾದರೂ ತಪ್ಪು ಹೊರಿಸುವ ಆಸಾಮಿ.

"ಏಳ್ರೀ, ನಾನು ನೋಡ್ತೀನಿ" ಎಂದು ಹೆಂಡತಿ ಅಫ್ಸರ್ ಬಾನು ಒಂದು ದಿನ ತಾನೇ ಕೂತು ತುಳಿದಳು. ಮಷೀನು ಹಸುವಿನ ಹಾಗೆ ಸಾಧುವಾಗಿ ಓಡಿತು. "ಮಷೀನ್ ಚೆನ್ನಾಗೈತೆ. ನಿಮ್ಮ ಕಾಲು ತೋರ್ಸಿ" ಅಂದಳು.

ರೋಜಿ, ಅಂದರೆ ದಿನದ ಅನ್ನ, ಕೊಡುವ ಮಷೀನನ್ನು ಚಪ್ಪಲಿ ಹಾಕಿ ತುಳಿಯಬಾರದೆಂದು ಸಾಬರಿಗೆ ತಂದೆ ಕಲಿಸಿದ್ದರು. ಬರಿಗಾಲಲ್ಲೇ ತುಳಿದು ಸಂಸಾರ ಸಾಕಿದವರು. ಈಗ ಎಡಗಾಲು ಮರಗಟ್ಟಿ, ಪೆಡಲ್ ಮೇಲಿದೆಯೋ ಇಲ್ಲವೋ ಅಂತ ಬಗ್ಗಿ ನೋಡಬೇಕಾಗಿತ್ತು. ಹೆದರಿಕೆಗೆ ಅದನ್ನು ಹೆಂಡತಿಗೂ ಹೇಳಿರಲಿಲ್ಲ.

ಬೆಂಗಳೂರಿನಲ್ಲಿ ಸ್ಕ್ಯಾನ್ ಮಾಡಿದರೆ, ಬೆನ್ನುಹುರಿಯನ್ನು ಒತ್ತಿಕೊಂಡು ಕಡಲೆಕಾಯಿ ಬೀಜದಷ್ಟು ಗಡ್ಡೆ ಕೂತಿತ್ತು. ಹಾಗೇ ಬಿಟ್ಟರೆ ಎರಡು ಕಾಲೂ ಹೋಗುತ್ತವೆ ಎಂದರು ಡಾಕ್ಟರು. ಹಿಂದೆಲ್ಲ ಬೆನ್ನನ್ನು ಉದ್ದಕ್ಕೆ ಸೀಳುತ್ತಿದ್ದರಂತೆ. ಈಗ ಚಿಕ್ಕದಾಗಿ ಕೊಯ್ದು, ಮಾಂಸಖಂಡವನ್ನು ಕತ್ತರಿಸದೆ ಪಕ್ಕಕ್ಕೆ ಸರಿಸಿ, ಹೆಬ್ಬೆರಳ ದಪ್ಪದ ಕೊಳವೆ ಇಳಿಸಿ, ಮೈಕ್ರೋಸ್ಕೋಪಿನಲ್ಲಿ ನೋಡುತ್ತ ಗಡ್ಡೆ ತೆಗೆಯುತ್ತಾರಂತೆ.

"ಮತ್ತೆ ಮಷೀನ್ ತುಳೀಬೋದಾ ಸಾರ್?" ಸಾಬರಿಗೆ ಬೇಕಾದದ್ದು ಅದೊಂದೇ.

"ಗಡ್ಡೆ ತೆಗೀತೀವಿ. ಕಾಲು ಎಷ್ಟು ವಾಪಸ್ ಬರುತ್ತೋ ಕಾದು ನೋಡಬೇಕು."

ಆಪರೇಷನ್ ಆಗಿ ವಾರದೊಳಗೆ ಮನೆಗೆ ಬಂದರು. ನೋಡಲು ಬಂದವರಿಗೆಲ್ಲ ನಿರಾಸೆಯೋ ನಿರಾಸೆ. ಶೆಟ್ಟಿಕೆರೆಯಿಂದ ಕೊಬ್ಬರಿ ಹಾಕಲು ಬಂದಿದ್ದ ಹಳೇ ಗಿರಾಕಿ ಚಿಕ್ಕರಂಗಯ್ಯ ಅಂಗಿ ಎತ್ತಿಸಿ ನೋಡಿ, "ಇಷ್ಟೇಯಾ? ಎಳ್ನೀರಿಗೇ ಇದುಕ್ಕಿಂತ ದೊಡ್ಡ ತೂತು ಕೊಚ್ತೀವಲ್ಲ ಸಾಬ್ರೇ! ನಿಮಗೆ ಚೆನ್ನಾಗಿ ಟೋಪಿ ಹಾಕವ್ರೆ ಬುಡಿ" ಅಂದ. ಎಲ್ಲರೂ ನಕ್ಕರು. ಸಾಬರೂ ನಕ್ಕರು, ಆದರೆ ಮಾತು ಮನಸ್ಸಿಗೆ ನಾಟಿತು.

ಯಾಕೆಂದರೆ ಗಾಯ ಮಾಯಿತು, ನಡಿಗೆ ಸುಧಾರಿಸಿತು, ಪಾದ ಮಾತ್ರ ಕೊರಡಾಗಿಯೇ ಉಳಿಯಿತು. "ಮೋಟರ್ ಹಾಕ್ಸೋಣ ಕಣ್ರೀ, ಬಲಗಾಲೊಂದೇ ಸಾಕು" ಅಂದಳು ಬಾನು. ಸಾಬರು ಮುಖ ತಿರುಗಿಸಿ ಸೂಜಿಗೆ ದಾರ ಪೋಣಿಸಿದರು. ಅವಳು ಹೊಲಿದಳು, ಇವರು ಪಕ್ಕದಲ್ಲಿ ಕಾಜಾ ಮಾಡುತ್ತ, ಗುಂಡಿ ಹಾಕುತ್ತ ಕೂತರು. ದಿನಾ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದ ಕೂಡಲೇ ಎಡಗಾಲನ್ನು ಕೈಯಲ್ಲೆತ್ತಿ ಪೆಡಲ್ ಮೇಲಿಡುವರು. ಪಾದಕ್ಕೆ ಏನೂ ತಿಳಿಯುತ್ತಿರಲಿಲ್ಲ, ಒಳಗೊಳಗೇ ಅಳುವರು.

ಸಂಕ್ರಾಂತಿ ಹತ್ತಿರದ ಒಂದು ಬೆಳಿಗ್ಗೆ ಹಾಗೆ ಇಟ್ಟವರು ಥಟ್ಟನೆ ಕಾಲೆಳೆದುಕೊಂಡರು.

"ಬಾನು, ಪೆಡ್ಲು ತಣ್ಣಗೈತೆ!"

"ಈ ಚಳೀಲಿ ಕಬ್ಬಿಣ ತಣ್ಣಗಿರದೆ ಇನ್ನೇನು..." ಕಸ ಗುಡಿಸುತ್ತಿದ್ದವಳು ಅಷ್ಟಕ್ಕೇ ನಿಂತಳು. ಪೊರಕೆ ಬಿಟ್ಟು ಬಂದು, ಬಗ್ಗಿ, ಪೆಡಲಿಗೆ ಅಂಗೈ ಒತ್ತಿ ನೋಡಿದಳು. ಕಬ್ಬಿಣ ನಿಜಕ್ಕೂ ಕೊರೆಯುತ್ತಿತ್ತು.